ವೈರಸ್ ಬದಲಾಯಿತೆಂದು ಕೊಕ್ಕರೆ ರೋಗದ ಲಸಿಕೆ ಬಿಡಬಹುದೇ?



ಪ್ರತಿವರ್ಷ ಬೇಸಿಗೆ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹಳ್ಳಿಗಳಿಂದ ಒಂದೇ ಬಗೆಯ ದೂರು ಕೇಳಿಬರುತ್ತದೆ. ಸಂಜೆ ಬುಟ್ಟಿಯಡಿ ಮುಚ್ಚಿಟ್ಟಾಗ ಕಾಳು ತಿಂದು ಚೆನ್ನಾಗಿದ್ದ ಕೋಳಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತದೆ. ಮರುದಿನ ಮತ್ತೆರಡು. ಉಳಿದವು ಬಾಯಿ ತೆರೆದು ಉಸಿರೆಳೆಯುತ್ತವೆ, ಹಸಿರು ಮಿಶ್ರಿತ ಬಿಳಿ ಬಣ್ಣದ ಹಿಕ್ಕೆ ಹಾಕುತ್ತವೆ, ರೆಕ್ಕೆ ಜೋತುಬಿಡುತ್ತವೆ, ಕೆಲವು ಕುತ್ತಿಗೆ ತಿರುಚಿಕೊಂಡು ಸುತ್ತು ಹೊಡೆಯುತ್ತವೆ. ವಾರ ಕಳೆಯುವುದರೊಳಗೆ ಓಣಿಯ ಗೂಡುಗಳೆಲ್ಲ ಬರಿದು. ಇದೇ ಕೊಕ್ಕರೆ ರೋಗ ಅಥವಾ ರಾಣಿಖೇತ ರೋಗ. ಗಡಿಯಾಚೆಯ ಮರಾಠಿ ಬಾಂಧವರು ಕುತ್ತಿಗೆ ತಿರುಚುವುದನ್ನು ನೋಡಿಯೇ ಇದಕ್ಕೆ ‘ಮಾನಮೋಡಿ’ ಎಂದು ಹೆಸರಿಟ್ಟಿದ್ದಾರೆ. ನಿಪ್ಪಾಣಿ ಕಡೆಯ ನಮ್ಮ ಜನರೂ ಆ ಹೆಸರನ್ನು ಬಲ್ಲರು.

ರೋಗ ಹಳೆಯದು. ಆದರೆ ಈಚಿನ ವರ್ಷಗಳಲ್ಲಿ ನಾನು ಕೇಳುತ್ತಿರುವ ಮಾತು ಹೊಸದು. “ಲಸಿಕಿ ಹಾಕಿಸಿದವ್ರ ಕೋಳಿನೂ ಸತ್ತು, ಹಾಕಿಸದವ್ರ ಕೋಳಿನೂ ಸತ್ತು. ಈಗಿನ ರ್ವಾಗನ ಬ್ಯಾರೆ ಐತ್ರಿ ಸಾಹೇಬ್ರ” ಎಂದು ರಾಯಬಾಗ ಕಡೆಯ ತಾಯಿಯೊಬ್ಬರು ನನ್ನ ಮುಂದೆ ಖಾಲಿ ಬುಟ್ಟಿ ಮಗುಚಿ ತೋರಿಸಿದರು. ಅದೇ ವಾರ, ಎರಡು ಸಾವಿರ ಕೋಳಿಗಳ ಶೆಡ್ಡು ನಡೆಸುವ ಓದಿದ ತರುಣನೊಬ್ಬ ಬೇರೆ ಮಾತುಗಳಲ್ಲಿ ಅದನ್ನೇ ಹೇಳಿದ: “ವೈರಸ್ಸು ಈಗ 13ನೇ ಗುಂಪಿನದು, ಲಸಿಕೆ ಮಾತ್ರ 1946ರದು. ಹೊಂದುವುದು ಹೇಗೆ?” ಈ ಇಬ್ಬರ ಮಾತಿನಲ್ಲೂ ನಿಜಾಂಶವಿದೆ. ಆದರೆ ಅದರಿಂದ ಇಬ್ಬರೂ ಹೊರಡಿಸಿದ ತೀರ್ಮಾನ, ಅಂದರೆ ಲಸಿಕೆ ಹಾಕಿಸುವುದೇ ವ್ಯರ್ಥವೆಂಬುದು, ತಪ್ಪು ಎಂದು ನನ್ನ ಖಚಿತ ಅಭಿಪ್ರಾಯ. ಅದು ಏಕೆ ತಪ್ಪೆಂದು ಹೇಳುವುದಕ್ಕೇ ಈ ಲೇಖನ.

ನಾಲ್ಕು ಜವಾರಿ ಕೋಳಿಗಳ ಸಲುವಾಗಿ ಇಷ್ಟೊಂದು ಚರ್ಚೆ ಬೇಕೇ ಎಂದು ಕೆಲವರು ಕೇಳಬಹುದು. ಮಾಂಸ ಮುಟ್ಟದ ಮನೆತನಗಳನ್ನು ಬಿಟ್ಟರೆ ನಮ್ಮ ಭಾಗದಲ್ಲಿ ಹಿತ್ತಲಲ್ಲಿ ಕೋಳಿ ಇಲ್ಲದ ಬಡವರ ಮನೆ ವಿರಳ. ಕಬ್ಬಿನ ಬಿಲ್ಲು ಗಂಡಸರ ಖಾತೆಗೆ ಹೋಗುತ್ತದೆ, ಅದೂ ಕಾರ್ಖಾನೆ ಕೊಟ್ಟಾಗ. ತಂಬಾಕಿನ ಹಣ ಸಾಲಕ್ಕೆ ಹೋಗುತ್ತದೆ. ಕೋಳಿ, ತತ್ತಿಯ ಹಣ ಮಾತ್ರ ಮನೆಯ ಹೆಣ್ಣುಮಗಳ ಸೆರಗಿನ ಗಂಟಿನಲ್ಲಿರುತ್ತದೆ. ಮಗುವಿಗೆ ಜ್ವರ ಬಂದರೆ, ಶಾಲೆಯ ಪಟ್ಟಿ ಪುಸ್ತಕ ತರಬೇಕಾದರೆ, ಯಾರನ್ನೂ ಕೇಳದೆ ಒಂದು ಹುಂಜ ಮಾರಿ ಕೆಲಸ ಸಾಗಿಸುತ್ತಾಳೆ. ಒಂದು ಬೇಸಿಗೆಯಲ್ಲಿ ಅವಳ ಹತ್ತು ಕೋಳಿ ಸತ್ತರೆ ಯಾವ ಲೆಕ್ಕದ ಪುಸ್ತಕದಲ್ಲೂ ಆ ನಷ್ಟ ಬರೆಯಲ್ಪಡುವುದಿಲ್ಲ.

ಈಗ ರೋಗದ ಮೂಲಕ್ಕೆ ಬರೋಣ. ಈ ರೋಗವನ್ನು ಮೊದಲು ಗುರುತಿಸಿದ್ದು 1926ರಲ್ಲಿ, ಜಾವಾ ದ್ವೀಪದಲ್ಲಿ ಮತ್ತು ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿ. ಅದಕ್ಕೇ ಹೊರದೇಶಗಳಲ್ಲಿ ಇದಕ್ಕೆ ನ್ಯೂಕ್ಯಾಸಲ್ ರೋಗವೆಂದು ಹೆಸರು. ನಮ್ಮ ದೇಶದಲ್ಲಿ ಕುಮಾವೂ ಬೆಟ್ಟಸೀಮೆಯ ರಾಣಿಖೇತದಲ್ಲಿ ಕಾಣಿಸಿಕೊಂಡುದನ್ನು ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯ ಎಡ್ವರ್ಡ್ಸ್ ಅವರು 1928ರಲ್ಲಿ ವರದಿ ಮಾಡಿದರು. ಸುಮಾರು ನೂರು ವರ್ಷಗಳಿಂದ ಈ ರೋಗ ನಮ್ಮ ದೇಶದಲ್ಲಿ ನೆಲೆಸಿದೆ ಎಂದಾಯಿತು.

ವಿಷಾಣು ಒಂದೇ ಆದರೂ ಅದರ ತಳಿಗಳು ಅನೇಕ. ಕೆಲವು ಸೌಮ್ಯ, ಕೆಲವು ಮಧ್ಯಮ, ಕೆಲವು ಉಗ್ರ. ಪ್ರಯೋಗಾಲಯದಲ್ಲಿ ಇವನ್ನು ಬೇರ್ಪಡಿಸುವ ಹಳೆಯ ಕ್ರಮವೊಂದಿದೆ. ಕಾವಿಗಿಟ್ಟ ಕೋಳಿ ತತ್ತಿಯೊಳಕ್ಕೆ ವೈರಸ್ಸನ್ನು ಚುಚ್ಚಿ, ಒಳಗಿನ ಪಿಂಡ ಎಷ್ಟು ಗಂಟೆಗಳಲ್ಲಿ ಸಾಯುತ್ತದೆಂದು ನೋಡುತ್ತಾರೆ. 60 ಗಂಟೆಗಳೊಳಗೆ ಸತ್ತರೆ ತಳಿ ಉಗ್ರವಾದುದು. 60ರಿಂದ 90 ಗಂಟೆ ಹಿಡಿದರೆ ಮಧ್ಯಮ. 90 ಗಂಟೆ ಮೀರಿದರೆ ಸೌಮ್ಯ. ಈಗ ಇದರ ಜೊತೆಗೆ ವೈರಸ್ಸಿನ ಅನುವಂಶಿಕ ಧಾತುವನ್ನೇ ನೇರವಾಗಿ ಓದುವ ವಿಧಾನವೂ ಬಂದಿದೆ.

ಉಗ್ರತೆಯ ಗುಟ್ಟು ಎಲ್ಲಿದೆ ಎಂಬುದು ಸ್ವಾರಸ್ಯದ ವಿಷಯ, ಸ್ವಲ್ಪ ತಾಳ್ಮೆಯಿಂದ ಓದಿರಿ. ಈ ವೈರಸ್ಸಿನ ಅನುವಂಶಿಕ ಧಾತು 15,000ಕ್ಕೂ ಮಿಕ್ಕಿದ ಅಕ್ಷರಗಳ ಒಂದು ಬರಹ ಎಂದು ತಿಳಿಯಿರಿ. ಅದರಲ್ಲಿ ಆರು ಜೀನುಗಳಿವೆ. ಅವುಗಳ ಪೈಕಿ ಒಂದು ಜೀನು ತಯಾರಿಸುವ ಸಸಾರಜನಕ ವಸ್ತುವು ಕೋಳಿಯ ಜೀವಕೋಶದ ಗೋಡೆಗೆ ಅಂಟಿ ವೈರಸ್ಸನ್ನು ಒಳಕ್ಕೆ ಬಿಡಿಸುವ ಬಾಗಿಲು ಇದ್ದಂತೆ. ಆ ಬಾಗಿಲಿಗೆ ಹುಟ್ಟುವಾಗಲೇ ಒಂದು ಕೀಲಿ ಬಿದ್ದಿರುತ್ತದೆ. ಕೋಳಿಯ ಶರೀರದ ಕಿಣ್ವಗಳು ಒಂದು ನಿರ್ದಿಷ್ಟ ಜಾಗದಲ್ಲಿ ಅದನ್ನು ಕತ್ತರಿಸಿದರೆ ಮಾತ್ರ ಕೀಲಿ ತೆರೆಯುತ್ತದೆ. ಸೌಮ್ಯ ತಳಿಯ ಕೀಲಿಗೆ ಹೊಂದುವ ಕೀಲಿಕೈ ಕೋಳಿಯ ಗಂಟಲು ಮತ್ತು ಕರುಳಿನಲ್ಲಿ ಮಾತ್ರ ಸಿಗುತ್ತದೆ. ಆದುದರಿಂದ ಅದು ಅಲ್ಲೇ ತುಸು ಬೆಳೆದು ಸುಮ್ಮನಾಗುತ್ತದೆ. ಉಗ್ರ ತಳಿಯ ಕೀಲಿಯಾದರೋ ಶರೀರದ ಬಹುತೇಕ ಎಲ್ಲ ಅಂಗಗಳಲ್ಲಿರುವ ಕೀಲಿಕೈಗೂ ತೆರೆದುಕೊಳ್ಳುತ್ತದೆ. ಹೀಗಾಗಿ ಅದು ಮೆದುಳು, ಗುಲ್ಮ, ಜಠರ ಎನ್ನದೆ ಎಲ್ಲೆಡೆ ಹಬ್ಬಿ ಎರಡು ಮೂರು ದಿನಗಳಲ್ಲಿ ಕೋಳಿಯನ್ನು ಕೊಲ್ಲುತ್ತದೆ. ಸೌಮ್ಯ ಕೀಲಿಗೂ ಉಗ್ರ ಕೀಲಿಗೂ ಇರುವ ವ್ಯತ್ಯಾಸ ಆ ಒಂದು ಜಾಗದ ಕೆಲವೇ ಅಕ್ಷರಗಳದು.

ಕೆಲವೇ ಅಕ್ಷರಗಳೆಂದ ಮೇಲೆ ಅವು ಎಂದಾದರೂ ತಾವಾಗಿ ಬದಲಾಗಲಾರವೇ? ಬದಲಾಗಬಲ್ಲವು, ಬದಲಾಗಿವೆ. ವೈರಸ್ ತನ್ನ ಪ್ರತಿ ತೆಗೆಯುವಾಗ ಬರೆದುದನ್ನು ತಿದ್ದಿ ನೋಡುವ ವ್ಯವಸ್ಥೆ ಅದರಲ್ಲಿಲ್ಲ. ನಕಲು ಮಾಡುವಾಗ ತಪ್ಪುಗಳು ಸೇರುತ್ತಲೇ ಇರುತ್ತವೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ 1998ರಿಂದ 2000ದವರೆಗೆ ಈ ರೋಗ ಉಗ್ರವಾಗಿ ಹಬ್ಬಿದಾಗ ಅಲ್ಲಿಯವರು ಮೊದಲು ಸಂಶಯಪಟ್ಟದ್ದು ಹೊರಗಿನಿಂದ ಬಂದಿರಬೇಕೆಂದು. ಪರೀಕ್ಷಿಸಿ ನೋಡಿದರೆ, ಅದೇ ನೆಲದ ಕೋಳಿಗಳಲ್ಲಿ ಯಾರಿಗೂ ತೊಂದರೆ ಕೊಡದೆ ಓಡಾಡಿಕೊಂಡಿದ್ದ ಸೌಮ್ಯ ತಳಿಯೇ ಕೀಲಿಯ ಜಾಗದ ಅಕ್ಷರ ಬದಲಾಗಿ ಉಗ್ರವಾಗಿತ್ತು. ಲಕ್ಷಗಟ್ಟಲೆ ಕೋಳಿಗಳನ್ನು ಅವರು ಕೊಂದು ಹೂಳಬೇಕಾಯಿತು. ಆದ್ದರಿಂದ “ರ್ವಾಗ ಬ್ಯಾರೆ ಆಗೈತಿ” ಎಂದ ಆ ತಾಯಿಯ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ.

ತರುಣನ ಮಾತೂ ಅಷ್ಟೇ ನಿಜ. ವಿಜ್ಞಾನಿಗಳು ಜೀನಿನ ಬರಹವನ್ನು ಹೋಲಿಸಿ ಈ ವೈರಸ್ಸುಗಳನ್ನು ಇಪ್ಪತ್ತು ಮತ್ತು ಅದಕ್ಕೂ ಹೆಚ್ಚು ಗುಂಪುಗಳಾಗಿ ವಿಂಗಡಿಸಿದ್ದಾರೆ. ನಮ್ಮ ದೇಶದಲ್ಲಿ ಈಚಿನ ದಶಕಗಳಲ್ಲಿ ಸತ್ತ ಕೋಳಿಗಳಿಂದ ಬೇರ್ಪಡಿಸಿದ ಉಗ್ರ ತಳಿಗಳಲ್ಲಿ 13ನೇ ಗುಂಪಿನವು ಮುಖ್ಯವಾದವು. ನಾವು ಹಾಕುವ ಲಸಿಕೆಗಳಲ್ಲಿ ಲಸೋಟ ತಳಿ 1946ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಕೋಳಿ ಸಾಕಣೆಯಿಂದ ಬಂದದ್ದು, 2ನೇ ಗುಂಪಿನದು. ಎಫ್ ತಳಿಯೂ ಅದೇ ಗುಂಪು. ದೊಡ್ಡ ಕೋಳಿಗಳಿಗೆ ಚುಚ್ಚುವ ಆರ್ 2 ಬಿ ತಳಿಯನ್ನು 1940ರ ದಶಕದಲ್ಲಿ ಮುಕ್ತೇಶ್ವರದಲ್ಲೇ ತತ್ತಿಯಿಂದ ತತ್ತಿಗೆ ದಾಟಿಸಿ ಪಳಗಿಸಿದರು. ಅದು 3ನೇ ಗುಂಪಿನದು. ಗುಂಪು ಬೇರೆ ಎಂಬುದು ಖರೆ.

ಆದರೆ ಇಲ್ಲಿಯೇ ಎಚ್ಚರದಿಂದ ಹೆಜ್ಜೆ ಇಡಬೇಕು. ಬರಹ ಬೇರೆಯಾದ ಮಾತ್ರಕ್ಕೆ ಕೋಳಿಯ ರಕ್ತ ವೈರಸ್ಸನ್ನು ಗುರುತಿಸಲಾರದು ಎಂದಲ್ಲ. ಕಾಲುಬಾಯಿ ಬೇನೆಯ ವಿಷಾಣುವಿಗೆ ಓ, ಎ, ಏಷ್ಯಾ-1 ಎಂದು ಬೇರೆಬೇರೆ ಮಾದರಿಗಳಿವೆ. ಒಂದರ ಲಸಿಕೆ ಇನ್ನೊಂದಕ್ಕೆ ತಡೆಯಾಗದು. ಕೊಕ್ಕರೆ ರೋಗದಲ್ಲಿ ಹಾಗಿಲ್ಲ. ಗುಂಪುಗಳು ಎಷ್ಟಿದ್ದರೂ ರಕ್ತದ ಪರೀಕ್ಷೆಯಲ್ಲಿ ಇವೆಲ್ಲ ಒಂದೇ ಮಾದರಿಗೆ ಸೇರಿದವು. ಸರಿಯಾಗಿ ಲಸಿಕೆ ಪಡೆದು ರಕ್ತದಲ್ಲಿ ಸಾಕಷ್ಟು ನಿರೋಧಕ ಶಕ್ತಿ ಬೆಳೆಸಿಕೊಂಡ ಕೋಳಿಯನ್ನು ಈ ಹಳೆಯ ಲಸಿಕೆಗಳು ಇಂದಿನ ಉಗ್ರ ತಳಿಯ ಸಾವಿನಿಂದಲೂ ಕಾಯುತ್ತವೆ. ಕಾಯದೇ ಇರುವುದು ಒಂದನ್ನು: ಲಸಿಕೆ ಪಡೆದ ಕೋಳಿಗೆ ಉಗ್ರ ವೈರಸ್ ತಗಲಿದರೆ ಅದು ತಾನು ಸಾಯದಿದ್ದರೂ ಹಿಕ್ಕೆ ಮತ್ತು ಸಿಂಬಳದಲ್ಲಿ ಕೆಲವು ದಿನ ವೈರಸ್ಸನ್ನು ಹೊರಹಾಕುತ್ತದೆ. ಲಸಿಕೆಯ ಗುಂಪೂ ರೋಗದ ಗುಂಪೂ ಒಂದೇ ಆಗಿದ್ದರೆ ಹೀಗೆ ಹೊರಬೀಳುವ ಪ್ರಮಾಣ ಕಡಿಮೆಯಾಗುತ್ತದೆಂದು ಪ್ರಯೋಗಗಳು ತೋರಿಸಿವೆ. ಚೀನಾದವರು ತಮ್ಮಲ್ಲಿ ಹೆಚ್ಚಾಗಿರುವ 7ನೇ ಗುಂಪಿಗೆ ಹೊಂದುವ ಲಸಿಕೆ ಮಾಡಿಕೊಂಡಿದ್ದಾರೆ. ನಮ್ಮಲ್ಲೂ 13ನೇ ಗುಂಪಿಗೆ ಹೊಂದುವ ಲಸಿಕೆ ಕೈಗೆಟಕುವ ಬೆಲೆಯಲ್ಲಿ ಬರಬೇಕೆಂದು ನಾನೂ ಬಯಸುತ್ತೇನೆ. ಆದರೆ ಅದು ಬರುವತನಕ ಕೈಯಲ್ಲಿರುವುದನ್ನು ಬಿಡುವುದೆಂದರೆ ಹೊಸ ಕೊಡೆ ಬರಲೆಂದು ಹಳೆಯ ಕೊಡೆಯನ್ನು ಮಳೆಗಾಲದ ನಡುವೆ ಬಿಸಾಡಿದಂತೆ.

ಹಾಗಾದರೆ ಲಸಿಕೆ ಹಾಕಿಸಿದ ಕೋಳಿಗಳು ಸತ್ತದ್ದೇಕೆ? ನಾನು ನೋಡಿದ ಪ್ರಸಂಗಗಳಲ್ಲಿ ವೈರಸ್ಸಿನ ಬದಲಾವಣೆಗಿಂತ ನಮ್ಮ ಅವಸರ ಮತ್ತು ಬಿಸಿಲು ಹೆಚ್ಚು ಕಾರಣವಾಗಿವೆ. ಲಸಿಕೆಯಲ್ಲಿರುವುದು ಜೀವಂತ ವೈರಸ್. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಅಥಣಿಯ ಏಪ್ರಿಲ್ ಬಿಸಿಲಿನಲ್ಲಿ ಅಂಗಿಯ ಜೇಬಿನಲ್ಲೋ ಮೋಟಾರು ಸೈಕಲ್ಲಿನ ಚೀಲದಲ್ಲೋ ಹತ್ತು ಮೈಲಿ ಪ್ರಯಾಣ ಮಾಡಿದ ಸೀಸೆಯಲ್ಲಿ ಕೋಳಿಗೆ ಸಿಗುವುದು ಬರೀ ನೀರು. ಕಲಸಿದ ಮೇಲೆ ಒಂದೆರಡು ಗಂಟೆಗಳಲ್ಲಿ ಮುಗಿಸಬೇಕಾದುದನ್ನು ಸಂಜೆಯವರೆಗೆ ಓಣಿ ಓಣಿ ತಿರುಗಿಸುತ್ತಾರೆ. ಶೆಡ್ಡಿನವರು ಕುಡಿಯುವ ನೀರಿನಲ್ಲಿ ಲಸಿಕೆ ಕೊಡುವಾಗ ಬ್ಲೀಚಿಂಗ್ ಪುಡಿ ಹಾಕಿದ ಟಾಕಿಯ ನೀರನ್ನೇ ಬಳಸುತ್ತಾರೆ. ಕ್ಲೋರಿನ್ನು ಲಸಿಕೆಯನ್ನು ಕೊಲ್ಲುತ್ತದೆ. ಬಾವಿಯ ಶುದ್ಧ ನೀರು ತೆಗೆದುಕೊಂಡು, ಲೀಟರಿಗೆ 5 ಗ್ರಾಮಿನಂತೆ ಕೆನೆ ತೆಗೆದ ಹಾಲಿನ ಪುಡಿ ಕಲಸಿ, ಕೋಳಿಗಳನ್ನು ಎರಡು ಗಂಟೆ ನೀರಡಿಕೆಯಲ್ಲಿಟ್ಟು, ಬೆಳಗಿನ ತಂಪಿನಲ್ಲಿ ಕೊಟ್ಟರೆ ಫಲ ಸಿಗುತ್ತದೆ.

ಇದಕ್ಕಿಂತ ದೊಡ್ಡ ತಪ್ಪೆಂದರೆ ಪಕ್ಕದ ಮನೆಯ ಕೋಳಿ ಸತ್ತ ಮೇಲೆ ಲಸಿಕೆಗೆ ಓಡಿಬರುವುದು. ಲಸಿಕೆಯ ಶಕ್ತಿ ಕೋಳಿಯ ಮೈಗೆ ಹತ್ತಲು ಒಂದರಿಂದ ಎರಡು ವಾರ ಬೇಕು. ರೋಗವಾದರೋ ತಗಲಿದ ಐದಾರು ದಿನಗಳಲ್ಲಿ ಹೊರಬೀಳುತ್ತದೆ. ಒಳಗೆ ಆಗಲೇ ರೋಗ ಹೊಕ್ಕ ಕೋಳಿಗೆ ಲಸಿಕೆ ಚುಚ್ಚಿದರೆ ಅದು ಸಾಯುವುದು ಖಂಡಿತ, ಅಪವಾದ ಮಾತ್ರ ಲಸಿಕೆಯ ತಲೆಗೆ. ಐದರಿಂದ ಏಳು ದಿನದ ಮರಿಗೆ ಎಫ್ ಅಥವಾ ಲಸೋಟ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೆಯ ವಾರದ ಸುಮಾರಿಗೆ ಲಸೋಟ ಮತ್ತೊಮ್ಮೆ, ಎಂಟನೆಯ ವಾರದಲ್ಲಿ ಆರ್ 2 ಬಿ ಲಸಿಕೆಯನ್ನು ರೆಕ್ಕೆಯ ಕೆಳಗೆ ಚರ್ಮದಡಿ ಅರ್ಧ ಮಿಲಿ ಲೀಟರು. ಆರ್ 2 ಬಿ ಮಧ್ಯಮ ತಳಿಯದಾದ್ದರಿಂದ ಎಳೆಯ ಮರಿಗಳಿಗೆ ಎಂದೂ ಚುಚ್ಚಬಾರದು. ಅದಕ್ಕೆ ವಾರ ಮೊದಲು ಜಂತುಹುಳದ ಔಷಧ ಕುಡಿಸಿರಬೇಕು. ಹೊಟ್ಟೆ ತುಂಬ ಹುಳು ಇರುವ ಜವಾರಿ ಕೋಳಿಯ ಮೈಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ.

ಶೆಡ್ಡಿನ ಸಾಕಣೆದಾರರು ಗಂಬೋರೊ ರೋಗವನ್ನೂ ಮರೆಯಬಾರದು. ಅದೂ ವೈರಸ್ಸಿನದೇ. ಯುರೋಪಿನಲ್ಲಿ 1980ರ ದಶಕದ ಕೊನೆಗೆ ಅದರ ಅತ್ಯುಗ್ರ ತಳಿ ಹುಟ್ಟಿ 1990ರ ದಶಕದ ಆರಂಭದಲ್ಲಿ ನಮ್ಮ ದೇಶಕ್ಕೂ ಬಂತು. ಅದು ಮರಿಯ ರೋಗನಿರೋಧಕ ಶಕ್ತಿಯ ಬುಡಕ್ಕೇ ಕೊಡಲಿ ಹಾಕುವುದರಿಂದ, ಅದು ಬಂದುಹೋದ ಹಿಂಡಿನಲ್ಲಿ ಕೊಕ್ಕರೆ ರೋಗದ ಲಸಿಕೆ ಹಾಕಿದರೂ ಹಾಕದಂತೆಯೇ.

ಓದಿದವರು ಎತ್ತುವ ಇನ್ನೊಂದು ಪ್ರಶ್ನೆಗೆ ಮರೆಮಾಚದೆ ಉತ್ತರಿಸಬೇಕು. ಲಸಿಕೆಯೇ ವೈರಸ್ಸನ್ನು ಉಗ್ರಗೊಳಿಸುವುದಿಲ್ಲವೇ? ಮಾರೆಕ್ಸ್ ಎಂಬ ಕೋಳಿಯ ಲಕ್ವ ರೋಗದಲ್ಲಿ ಇಂಥ ಸಂಗತಿ ನಡೆದಿದೆ. ಅದರ ಲಸಿಕೆ ಕೋಳಿಯ ಸಾವನ್ನು ತಡೆಯುತ್ತದೆ, ಆದರೆ ವೈರಸ್ ಹರಡುವುದನ್ನು ತಡೆಯುವುದಿಲ್ಲ. ಬೇಗ ಕೊಲ್ಲುವ ತಳಿ ಸಾಮಾನ್ಯವಾಗಿ ಕೋಳಿಯೊಡನೆ ತಾನೂ ಮಣ್ಣಾಗುತ್ತದೆ. ಲಸಿಕೆ ಪಡೆದ ಕೋಳಿ ಬದುಕಿರುವುದರಿಂದ ಅಂಥ ಉಗ್ರ ತಳಿಗೂ ದಿನಗಟ್ಟಲೆ ಹರಡಲು ಅವಕಾಶ ಸಿಕ್ಕಿತು. 2015ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ತೋರಿಸಿಕೊಟ್ಟಿತು. ಕೊಕ್ಕರೆ ರೋಗದಲ್ಲೂ ಹೀಗೆಯೇ ಆಗಿದೆಯೆಂದು ನಾನು ಹೇಳುವುದಿಲ್ಲ. ಆದರೆ ಅದರಿಂದ ನಾನು ತೆಗೆದುಕೊಂಡ ಪಾಠ ಲಸಿಕೆ ಬೇಡ ಎಂಬುದಲ್ಲ, ಅರೆಬರೆ ಲಸಿಕೆ ಬೇಡ ಎಂಬುದು. ಇಡೀ ಓಣಿಯಲ್ಲಿ ನಾಲ್ಕು ಮನೆಯವರು ಹಾಕಿಸಿ ಹದಿನಾರು ಮನೆಯವರು ಬಿಟ್ಟರೆ, ಆ ನಾಲ್ಕು ಮನೆಯ ಕೋಳಿಗಳು ಬದುಕುತ್ತವೆ, ಹದಿನಾರು ಮನೆಯವು ಸಾಯುತ್ತವೆ, ವೈರಸ್ ಮಾತ್ರ ಊರಲ್ಲೇ ಉಳಿಯುತ್ತದೆ.

ನಮ್ಮ ಐದು ತಾಲ್ಲೂಕುಗಳ ಪರಿಸ್ಥಿತಿ ಉಳಿದ ಕಡೆಗಿಂತ ಒಂದು ರೀತಿಯಲ್ಲಿ ಭಿನ್ನ. ಇತ್ತ ಕೊಗನೊಳ್ಳಿ ದಾಟಿದರೆ ಕೊಲ್ಹಾಪುರ, ಅತ್ತ ಕಾಗವಾಡ ದಾಟಿದರೆ ಮೀರಜ್, ಸಾಂಗಲಿ. ಸಂತೆಗೆ ಆಚೆಯ ಕೋಳಿ ಈಚೆ ಬರುತ್ತದೆ, ಈಚೆಯದು ಆಚೆ ಹೋಗುತ್ತದೆ. ಎರಡು ರಾಜ್ಯಗಳಿಗೆ ಎರಡು ಪಶುಪಾಲನಾ ಇಲಾಖೆಗಳು. ವೈರಸ್ಸಿಗೆ ಒಂದೇ ಊರು. ಚಿಂಚಲಿ ಮಾಯಕ್ಕನ ಜಾತ್ರೆಗೆ ಭಾರತ ಹುಣ್ಣಿಮೆಯಲ್ಲಿ ಎರಡೂ ರಾಜ್ಯಗಳ ಜನ ಸೇರುತ್ತಾರೆ. ಕಬ್ಬು ಕಡಿಯುವ ಟೋಳಿಗಳು ದೂರದ ಬೀಡ ಜಿಲ್ಲೆಯಿಂದ ಬರುವಾಗ ಚಕ್ಕಡಿಯಲ್ಲಿ ಎರಡು ಕೋಳಿಯನ್ನೂ ತಂದಿರುತ್ತಾರೆ. ಅವರನ್ನು ದೂರುವುದು ನ್ಯಾಯವಲ್ಲ. ಆರು ತಿಂಗಳು ಬಯಲಲ್ಲಿ ಗುಡಿಸಲು ಹಾಕಿ ದುಡಿಯುವವರಿಗೆ ಆ ಎರಡು ಕೋಳಿಯೇ ಆಸ್ತಿ. ಗಡಿಯ ಎರಡೂ ಬದಿಯ ಪಶುವೈದ್ಯರು ಸೀಜನ್ನಿಗೆ ಮೊದಲು ಒಂದೇ ವಾರದಲ್ಲಿ ಲಸಿಕೆ ಹಾಕುವಂತೆ ಏರ್ಪಾಡು ಮಾಡಿದರೆ, ಟೋಳಿಗಳ ಕೋಳಿಗಳನ್ನೂ ಅದರಲ್ಲಿ ಸೇರಿಸಿದರೆ, ಅದರ ಲಾಭ ಎರಡೂ ಕಡೆಗೆ.

ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳದ ಇನ್ನೊಂದು ದಾರಿಯಿದೆ: ಕೋಳಿ ಗೊಬ್ಬರ. ಅಥಣಿಯ ದ್ರಾಕ್ಷಿ ತೋಟಗಳಿಗೆ, ಕೃಷ್ಣಾ ತೀರದ ಕಬ್ಬಿಗೆ ಶೆಡ್ಡಿನ ಗೊಬ್ಬರ ಲಾರಿಗಟ್ಟಲೆ ಬರುತ್ತದೆ. ರೋಗ ಬಂದ ಶೆಡ್ಡಿನ ಹಸಿ ಗೊಬ್ಬರದಲ್ಲಿ ವೈರಸ್ ವಾರಗಟ್ಟಲೆ ಬದುಕಿರಬಲ್ಲದು. ಅದನ್ನು ತಂದು ಹೊಲದ ಬದುವಿನಲ್ಲಿ ಸುರಿದ ಸಂಜೆಯೇ ತೋಟದ ಮನೆಯ ಕೋಳಿಗಳು ಅದರ ಮೇಲೇರಿ ಕೆದಕುತ್ತವೆ. ಗುಡ್ಡೆ ಹಾಕಿ, ನೀರು ಚಿಮುಕಿಸಿ, ಮಣ್ಣು ಮೆತ್ತಿ ಕಾವೇರುವಂತೆ ಕೊಳೆಸಿದ ಮೇಲೆ ಬಳಸಿದರೆ ವೈರಸ್ಸೂ ಸಾಯುತ್ತದೆ, ಬೆಳೆಯ ಬೇರೂ ಸುಡುವುದಿಲ್ಲ. ಸತ್ತ ಕೋಳಿಗಳನ್ನು ದೂಧಗಂಗೆಗೋ ಕಾಲುವೆಗೋ ಎಸೆಯುವವರಿಗೆ ಏನು ಹೇಳಲಿ? ಕೆಳಗಿನ ಊರಿನಲ್ಲಿ ನಿಮ್ಮ ಬೀಗರೇ ಇರುತ್ತಾರೆ. ಆಳವಾದ ತಗ್ಗು ತೋಡಿ ಸುಣ್ಣ ಹಾಕಿ ಹೂಳಿರಿ. ಸಾಯುವ ಮೊದಲೇ ಮಾರಿಬಿಡೋಣವೆಂದು ಮಂಕು ಹಿಡಿದ ಕೋಳಿಯನ್ನು ಸಂತೆಗೆ ಒಯ್ಯುವುದಂತೂ ರೋಗವನ್ನು ಬುಟ್ಟಿಯಲ್ಲಿಟ್ಟು ಹಂಚಿದಂತೆ.

ಇಷ್ಟೆಲ್ಲ ರೈತರಿಗೇ ಹೇಳಿ ನಾವು ತಜ್ಞರು ಜಾರಿಕೊಳ್ಳುವುದು ಸರಿಯಲ್ಲ. ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರು ಮತ್ತು ಅದಕ್ಕೂ ಹೆಚ್ಚು ಕೋಳಿಗಳಿಗೆ ಸಾಲುವ ಅಳತೆಯದು. ಎಂಟು ಕೋಳಿ ಇರುವ ಹೆಣ್ಣುಮಗಳು ಅದನ್ನು ಒಡೆದರೆ ಉಳಿದದ್ದೆಲ್ಲ ಚೆಲ್ಲಬೇಕು. ದೊಡ್ಡ ಶೆಡ್ಡಿಗೆ ಹೊಂದುವಂತೆ ತಯಾರಿಸಿದ ವಸ್ತುವನ್ನು ಹಿತ್ತಲಿಗೆ ಕೊಟ್ಟು ಹಿತ್ತಲಿನವರು ಉಪಯೋಗಿಸುವುದಿಲ್ಲ ಎಂದು ಬೈಯುವುದು ಯಾವ ನ್ಯಾಯ? ಇಪ್ಪತ್ತು ಮೂವತ್ತು ಕೋಳಿಗಳ ಸಣ್ಣ ಸೀಸೆಗಳು ಬರಬೇಕು. ಬಿಸಿಲು ತಾಳುವ ಲಸಿಕೆಗಳೂ ಜಗತ್ತಿನಲ್ಲಿವೆ: ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಐ-2 ತಳಿಯನ್ನು ಟಾಂಜಾನಿಯ, ಮೊಜಾಂಬಿಕ್ ದೇಶಗಳ ಹಳ್ಳಿಗಳಲ್ಲಿ ನಾಲ್ಕು ತಿಂಗಳಿಗೊಮ್ಮೆ ಕಣ್ಣಿಗೆ ಹನಿ ಹಾಕಿ ಬಳಸುತ್ತಾರೆ. ನೆರೆಯ ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯದವರು ಜವಾರಿ ಕೋಳಿಗಳಿಗೆಂದೇ ಮೇವಿನಂತೆ ತಿನಿಸುವ ಗುಳಿಗೆ ಲಸಿಕೆ ಮಾಡಿದ್ದಾರೆ. ಇಂಥದ್ದು ನಮ್ಮ ಅಥಣಿ, ರಾಯಬಾಗದ ಹಳ್ಳಿಗಳಿಗೂ ಬೇಕೆಂದು ನೀವೇ ಗ್ರಾಮಸಭೆಯಲ್ಲಿ ಕೇಳಬೇಕು. ಅಲ್ಲಿಯವರೆಗೆ, ಸ್ತ್ರೀಶಕ್ತಿ ಸಂಘದವರು ಓಣಿಯ ಎಲ್ಲ ಮನೆಗಳ ಕೋಳಿ ಲೆಕ್ಕ ಹಾಕಿ, ಒಂದು ದಿನ ಗೊತ್ತುಮಾಡಿ, ಬೆಳಗಿನ ಜಾವ ಕೋಳಿ ಬುಟ್ಟಿಯಿಂದ ಬಿಡುವ ಮೊದಲೇ ಪಶುಸಖಿಯನ್ನೋ ಪಶುವೈದ್ಯರನ್ನೋ ಕರೆಸಿದರೆ ಒಂದು ಸೀಸೆ ಒಂದೇ ಗಂಟೆಯಲ್ಲಿ ಮುಗಿಯುತ್ತದೆ. ಐಸು ತುಂಬಿದ ಥರ್ಮಾಸು ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ. ಜನವರಿ ತಿಂಗಳಲ್ಲೇ ಇದನ್ನು ಮುಗಿಸಿದರೆ ಬೇಸಿಗೆಗೆ ಮೊದಲು ಕೋಳಿಗಳ ಮೈಯಲ್ಲಿ ಶಕ್ತಿ ಬಂದಿರುತ್ತದೆ.

ಇಷ್ಟು ಎಚ್ಚರ ವಹಿಸಿದ ಮೇಲೂ, ತಂಪಿನಲ್ಲಿಟ್ಟ ಲಸಿಕೆಯನ್ನು ಹೊತ್ತಿಗೆ ಸರಿಯಾಗಿ ಹಾಕಿಸಿದ ಕೋಳಿಗಳೂ ಸತ್ತವೆನ್ನಿ. ಆಗ ನಿಮ್ಮ ಸಂಶಯಕ್ಕೆ ನಿಜವಾದ ಬೆಲೆ ಬರುತ್ತದೆ, ಆ ಸತ್ತ ಕೋಳಿಯೇ ಸಾಕ್ಷಿಯಾಗುತ್ತದೆ. ಅದನ್ನು ಮನೆಯಲ್ಲಿ ಕೊಯ್ದು ನೋಡಬೇಡಿರಿ. ಹಕ್ಕಿ ಜ್ವರವೂ ಮೇಲ್ನೋಟಕ್ಕೆ ಹೀಗೆಯೇ ಕಾಣುತ್ತದೆ, ಅದು ಮನುಷ್ಯರಿಗೂ ಅಪಾಯ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹೊಸದಾಗಿ ಸತ್ತ ಕೋಳಿಯನ್ನು ಎರಡು ಚೀಲಗಳಲ್ಲಿ ಬಿಗಿಯಾಗಿ ಕಟ್ಟಿ, ಐಸಿನ ನಡುವೆ ಇಟ್ಟು, ಮೊದಲು ಫೋನು ಮಾಡಿ ತಿಳಿಸಿ, ಅದೇ ದಿನ ತಾಲ್ಲೂಕಿನ ಪಶು ಆಸ್ಪತ್ರೆಗೆ ಒಪ್ಪಿಸಿರಿ. ಚೀಟಿಯಲ್ಲಿ ಯಾವ ಲಸಿಕೆ, ಯಾವ ತಾರೀಖು, ಸೀಸೆಯ ಬ್ಯಾಚು ನಂಬರು, ಎಷ್ಟು ಕೋಳಿಗಳಲ್ಲಿ ಎಷ್ಟು ಸತ್ತವು, ಈಚೆಗೆ ಹೊರಗಿನ ಕೋಳಿ ತಂದಿದ್ದರೆ ಯಾವ ಸಂತೆಯಿಂದ ಎಂಬುದನ್ನು ಬರೆಯಿರಿ. ಅಲ್ಲಿಂದ ಅದು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಂಥ ಪ್ರಯೋಗಾಲಯಕ್ಕೆ ಹೋಗಿ ವೈರಸ್ಸಿನ ಕೀಲಿ ಯಾವ ಬಗೆಯದು, ಗುಂಪು ಯಾವುದು ಎಂದು ಓದಲು ಬರುತ್ತದೆ. ಓದಿದ ಫಲಿತಾಂಶ ವಿಜ್ಞಾನಿಗಳ ಪತ್ರಿಕೆಗೆ ಹೋಗುವಷ್ಟೇ ನಿಷ್ಠೆಯಿಂದ ಕೋಳಿ ಕೊಟ್ಟ ಮನೆಗೂ ತಿರುಗಿ ಬರಬೇಕೆಂಬುದು ನನ್ನ ಆಗ್ರಹ. ಅದಕ್ಕಾಗಿ ಚೀಟಿಯ ಕೆಳಗೆ ನಿಮ್ಮ ಹೆಸರು, ಊರು, ಫೋನು ನಂಬರು ಬರೆಯಿರಿ. ತಿಂಗಳಾದರೂ ಉತ್ತರ ಬಾರದಿದ್ದರೆ ಮತ್ತೆ ಹೋಗಿ ಕೇಳಿರಿ.